ತಲೆ ಅಳೆಯುವುದು ಬಿಟ್ಟ ಮೇಲೆ

ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಕಾಲೇಜು ಓದಿದವನೊಬ್ಬ ಸಿಕ್ಕಿದ್ದ. ಬೆಳೆ, ಮಕ್ಕಳ ಓದು, ಮೊಣಕಾಲು ನೋವು ಎಲ್ಲ ಮಾತಾಡಿದ ಮೇಲೆ, ಬಸ್ಸು ಹತ್ತಲು ಹೊರಟವನು ತಿರುಗಿ ನಿಂತು, "ನಮ್ಮ ತಲಿ ಅಳಿಯೂ ಮೇಡಮ್ ತೀರಿಕೊಂಡ್ರಂತ. ನಿನಗ ಗೊತ್ತಿರಬೇಕಲ್ಲ?" ಎಂದ.

ನನಗೆ ಗೊತ್ತಿರಲಿಲ್ಲ. ಅವನ ಬಸ್ಸು ಹೋಯಿತು, ನನ್ನದೂ ಬಂದು ಹೋಯಿತು. ನಾನು ಅಲ್ಲೇ ಕೂತು, ನನ್ನ ತಲೆ ಯಾವ ಬಗೆಯದೆಂದು ಅವರು ಹೇಳಿದ್ದರೆಂಬುದನ್ನು ನೆನೆಯುತ್ತಿದ್ದೆ. "ನಿನ್ನದು ದುಂಡನ ತಲಿ, ನಿಮ್ಮಪ್ಪಂದು ಉದ್ದಂದು. ಹಂಗಂದ್ರ ನಿಮ್ಮವ್ವನ್ನ ಒಂದ್ಸಲ ನೋಡಬೇಕು," ಎಂದಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನವಲಗುಂದದ ಕಡೆ ಅವರ ತವರಿನವರು ಇನ್ನೂ ಇದ್ದಾರೆ. ನಮಗೆ ಅವರು ಯಾವಾಗಲೂ ಮೇಡಮ್, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಗುಡಗೇರಿಯಲ್ಲಿ ನಮ್ಮಪ್ಪನದು ಕಾಳು ಕಡಿ ವ್ಯಾಪಾರ, ಜೊತೆಗೆ ಒಂದಿಷ್ಟು ಕಪ್ಪು ಮಣ್ಣಿನ ಎರಿ ಹೊಲ. ನಾನು ದಿನಾ ರೈಲಿನ ಹೆಂಗಸರ ಡಬ್ಬಿ ಹತ್ತಿ ಬಾಜೂ ಪೇಟೆಯ ಕಾಲೇಜಿಗೆ ಹೋಗುತ್ತಿದ್ದೆ. ಮಾನವಶಾಸ್ತ್ರ ಎಂದರೇನೆಂದು ತಿಳಿದು ತೆಗೆದುಕೊಂಡ ವಿಷಯವಲ್ಲ. ಅದರ ತರಗತಿಗಳು ಬೇಗ ಮುಗಿಯುತ್ತಿದ್ದವು, ವಾಪಸು ಬರುವ ಗಾಡಿ ಸಿಗುತ್ತಿತ್ತು, ಅದಕ್ಕೇ ತೆಗೆದುಕೊಂಡೆ. ಬಹಳ ಜನ ಹಾಗೇ ತೆಗೆದುಕೊಂಡಿದ್ದರು.

ಮೇಡಮ್ ಎತ್ತರದ ಹೆಂಗಸು. ಇಳಕಲ್ ಸೀರೆ, ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ, ಕೊರಳಲ್ಲಿ ಎದ್ದು ಕಾಣುವ ತಾಳಿ. ಯಜಮಾನರು ಮುಂಬಯಿಯಲ್ಲಿ ನೌಕರಿಯಲ್ಲಿದ್ದಾರೆ ಎಂದು ಊರಲ್ಲೆಲ್ಲ ಗೊತ್ತಿತ್ತು. ಅವರು ಯಾವತ್ತೂ ಬಂದದ್ದನ್ನು ಯಾರೂ ನೋಡಿರಲಿಲ್ಲ. ರಜೆ ಸಿಕ್ಕಿಲ್ಲವೆಂದು ಜನರೇ ಅವರ ಪರವಾಗಿ ಹೇಳಿಕೊಳ್ಳುತ್ತಿದ್ದರು.

ಕಾಲೇಜಿನ ಹಿಂಬದಿಯ ಕೋಣೆಯೊಂದು ಅವರ ಪ್ರಯೋಗಾಲಯ. ಗಾಜಿನ ಕಪಾಟಿನಲ್ಲಿ ಒಂದು ತಲೆಬುರುಡೆ, ಒಂದು ಪೆಟ್ಟಿಗೆಯಲ್ಲಿ ಎಲುಬುಗಳು, ಮೇಜಿನ ಮೇಲೆ ಏಡಿಯ ಕೊಂಡಿಯಂತೆ ಬಾಗಿದ ಉಕ್ಕಿನ ಕ್ಯಾಲಿಪರು. ಆ ಕ್ಯಾಲಿಪರಿನಿಂದ ತಲೆಯ ಉದ್ದ, ಅಗಲ, ಮೂಗಿನ ಮೂಲ, ಗದ್ದದ ತುದಿ ಎಲ್ಲ ಅಳೆದು, ಲೆಕ್ಕ ಹಾಕಿ, ಇದು ಇಂಥ ಬಗೆಯ ತಲೆ ಎಂದು ಬರೆಯಬೇಕು. ಪರೀಕ್ಷೆಯ ಪ್ರಾಕ್ಟಿಕಲ್ ಎಂದರೆ ಅದೇ. ಮೇಡಮ್ ಅದರಲ್ಲಿ ಬಲು ನಿಪುಣರು. ಯಾರ ತಲೆ ಮುಟ್ಟುವ ಮೊದಲೂ "ಮುಟ್ಟಲೇನು?" ಎಂದು ಕೇಳುತ್ತಿದ್ದರು. ಸಿಪಾಯಿ, ಬಸ್ ಕಂಡಕ್ಟರ್, ಶುಲ್ಕ ಕಟ್ಟಲು ಬಂದ ಹುಡುಗರ ತಂದೆಯರು, ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮಪ್ಪನ ತಲೆ ಅವರ ಕೈಗೆ ಸಿಕ್ಕದ್ದೂ ಹಾಗೆಯೇ. ಅಪ್ಪ ಟೊಪ್ಪಿಗೆ ತೆಗೆದು, ಕ್ಷೌರಕ್ಕೆ ಕೂತವರಂತೆ ಕೂತಿದ್ದರು.

ಅಳೆಯುವಾಗ ಮೇಡಮ್ ಮಾತಾಡುತ್ತಿರಲಿಲ್ಲ. ಅಳೆಯುವುದು ಮುಗಿದ ಮೇಲೂ ಹೆಚ್ಚು ಮಾತಿಲ್ಲ. ಯಾರೇನು ಹೇಳಿದರೂ "ಹಂಗಂದ್ರ?" ಎನ್ನುವುದೊಂದು ರೂಢಿ. "ಮೇಡಮ್, ಅಜ್ಜಿ ತೀರಿಕೊಂಡ್ಲು, ನಾಳೆ ಬರೂದಿಲ್ರಿ," ಎಂದರೂ "ಹಂಗಂದ್ರ?" ಎಂದು ಬಾಯಿಗೆ ಬಂದುಬಿಡುತ್ತಿತ್ತು. ಆಮೇಲೆ ತಾವೇ ನಾಚಿಕೊಂಡು, "ಹೋಗಿ ಬಾ," ಎನ್ನುತ್ತಿದ್ದರು.

ನಾನು ಎರಡನೆಯ ವರ್ಷದಲ್ಲಿದ್ದಾಗ ಪದವಿ ಶಿಕ್ಷಣದ ಸುಧಾರಣೆ ಎಂಬ ಮಾತು ಶುರುವಾಯಿತು. ವಿಶ್ವವಿದ್ಯಾಲಯದಿಂದ ಹೊಸ ಪಠ್ಯಕ್ರಮ ಬಂತು. ಇತಿಹಾಸದವರಿಗೆ ಒಂದು ಪತ್ರಿಕೆ ಹೆಚ್ಚಾಯಿತು, ಅರ್ಥಶಾಸ್ತ್ರದವರಿಗೆ ಕಡಿಮೆಯಾಯಿತು. ನಮ್ಮ ವಿಷಯ ಮಾತ್ರ ತಲೆಕೆಳಗಾಯಿತು. ಮೇಡಮ್ ತರಗತಿಗೆ ಬಂದು, ಕೂರದೆ, ಹೇಳಿದರು:

"ತಲಿ ಅಳಿಯೂದು ತಗದಾರ. ತಲಿ ಅಳದ ಮನಷ್ಯಾನ್ನ ತಿಳಕೊಳ್ಳಾಕ ಆಗೂದಿಲ್ಲಂತ. ಇನ್ನ ಮ್ಯಾಲೆ ಒಂದ ಊರಾಗ ಹೋಗಿ ಇದ್ದು, ಮಂದಿ ಕೂಡ ಮಾತಾಡಿ ಬರೀಬೇಕು. ಅದಕ್ಕ ಮಾರ್ಕ್ಸು."

ಹಿಂದಿನ ಬೆಂಚಿನಿಂದ ಯಾರೋ, "ಏನ ಮಾತಾಡೂದ್ರಿ?" ಎಂದರು.

ಮೇಡಮ್ ಕಿಟಕಿಯ ಕಡೆ ನೋಡಿ, "ನನಗೂ ಗೊತ್ತಿಲ್ಲ," ಎಂದರು.

ಮೇಷ್ಟರಾದವರು ಹಾಗೆ ಹೇಳಿದ್ದನ್ನು ನಾವು ಅದೇ ಮೊದಲು ಕೇಳಿದ್ದು. ಅವರು ಕಲಿತದ್ದು ಆ ಕ್ಯಾಲಿಪರಿನ ವಿದ್ಯೆ. ಎದುರಿಗೆ ಕೂತವರ ಮನೆಯ ಸುದ್ದಿ ಕೇಳದೆ, ತಮ್ಮ ಮನೆಯ ಸುದ್ದಿ ಹೇಳದೆ, ಇಡೀ ಆಯುಷ್ಯ ಅದನ್ನು ಕಲಿಸಿಕೊಂಡು ಹೋಗಬಹುದಿತ್ತು. ಆಗ ನನಗೆ ಅದು ಹೊಳೆದಿರಲಿಲ್ಲ. ಅವರಿಗೆ ಹೊಸ ಪಠ್ಯ ಕಷ್ಟವಾಗಿದೆ ಎಂದಷ್ಟೇ ಅಂದುಕೊಂಡೆವು.

ಮೊದಲು ರೂಢಿಯಾಗಲೆಂದು ನಮ್ಮ ಗುಡಗೇರಿ ಸಂತೆಗೆ ಕರೆದುಕೊಂಡು ಬಂದರು. ಅದು ಅಗದಿ ಕೆಟ್ಟುಹೋಯಿತು. ಮೇಡಮ್ ಬದನೆಕಾಯಿ ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮನೆಯಲ್ಲಿ ಎಷ್ಟು ಮಂದಿ, ಯಾವ ಕುಲ, ಮದುವೆಯಾದಾಗ ಎಷ್ಟು ವಯಸ್ಸು ಎಂದು ಪುಸ್ತಕದಲ್ಲಿದ್ದಂತೆ ಕೇಳಿದರು. ಅವಳು, "ಅಕ್ಕೋರ, ಬದನಿಕಾಯಿ ತಗೊಳ್ಳಾಕ ಬಂದೀರೇನು, ಬೀಗತಾನಾ ಮಾಡಾಕ ಬಂದೀರಿ?" ಎಂದಳು. ಸುತ್ತಲಿನವರು ನಕ್ಕರು. ಮೇಡಮ್ ಬದನೆಕಾಯಿ ತೆಗೆದುಕೊಂಡು ಎದ್ದರು. ವಾಪಸು ಬರುವಾಗ, "ಅಕಿ ಖರೇ ಅಂದ್ಲು. ಬೀಗರಾಗಾಕ ಬಂದವರಷ್ಟ ಹಂಗ ಕೇಳ್ತಾರ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ರಜೆಯಲ್ಲಿ ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ ಹೋಗುವುದೆಂದು ಆಯಿತು. ನಮ್ಮಲ್ಲಿ ಯಾರಿಗೂ ಅಲ್ಲಿ ನೆಂಟರಿರಲಿಲ್ಲ, ಅದಕ್ಕೇ ಆ ಊರನ್ನು ಆರಿಸಿದ್ದರು. ನಾವು ಒಣಬೇಸಾಯದ ಕಪ್ಪು ನೆಲದವರು, ಅಲ್ಲಿ ಗದ್ದೆ, ಬತ್ತ, ಹಿಂದೆ ಕಾಡಿನ ಅಂಚು. ಶಾಲೆಯ ಕೋಣೆಯಲ್ಲಿ ನಮ್ಮ ಬಿಡಾರ. ಮೊದಲ ದಿನ ಜನ ನಮ್ಮನ್ನು ಜನಗಣತಿಯವರೆಂದು ತಿಳಿದು, ಕೇಳುವ ಮೊದಲೇ ಮನೆಮಂದಿಯ ಹೆಸರು ಹೇಳಿ ಕಳಿಸಿದರು. ಮರುದಿನ ನಾವು ಹೋದಲ್ಲಿ ಚಹಾ ಕೊಟ್ಟರು, ಮಾತು ಕೊಡಲಿಲ್ಲ.

ಆಮೇಲೆ ಒಬ್ಬ ಮುದುಕಿ ಸಿಕ್ಕಳು. ಹಿಂದೆ ಕುರಿ ಕಾಯುತ್ತಿದ್ದ ಮನೆತನ, ಈಗ ಹೊಲ ಮಾಡಿಕೊಂಡಿದ್ದರು. ಮಧ್ಯಾಹ್ನ ಕಟ್ಟೆಯ ಮೇಲೆ ಅಕ್ಕಿ ಕೇರುತ್ತ ಕೂತಿದ್ದಳು. ನಾವು ನಾಲ್ಕಾರು ಜನ, ಮೇಡಮ್ ಜೊತೆ, ಅವಳ ಮುಂದೆ ಕೂತೆವು. ಅವಳು ಯಾವ ಬಿಗುಮಾನವೂ ಇಲ್ಲದೆ ತನ್ನ ಕಥೆ ಹೇಳಿದಳು. ಮೊದಲ ಗಂಡ ಹಾವು ಕಡಿದು ಸತ್ತ. ತವರಿಗೆ ಬಂದಳು. ಆಮೇಲೆ ಈ ಊರಿನವನಿಗೆ ಉಡಕಿ ಮಾಡಿಕೊಟ್ಟರು. ಉಡಕಿ ಎಂದರೆ ಗಂಡ ಸತ್ತ ಅಥವಾ ಬಿಟ್ಟ ಹೆಣ್ಣಿಗೆ ಹಿರಿಯರು ಹೊಸ ಸೀರೆ ಉಡಿಸಿ ಇನ್ನೊಬ್ಬನ ಕೈ ಹಿಡಿಸುವುದು. ಬಾಜಾ ಬಜಂತ್ರಿ ಇಲ್ಲ, ಆದರೆ ಊರೊಪ್ಪಿಗೆ ಇದೆ.

"ಈ ಗಂಡನೂ ಹೋದ. ಮಕ್ಕಳದಾವು, ಮೊಮ್ಮಕ್ಕಳದಾವು. ಅಷ್ಟ ನನ್ನ ಕತಿ," ಎಂದು ಮೊರವನ್ನು ಕೆಳಗಿಟ್ಟಳು. "ಈಗ ನಾ ಕೇಳ್ತೀನಿ. ನೀ ಹೇಳಬೇಕು, ತಂಗಿ."

"ಕೇಳ್ರಿ," ಎಂದರು ಮೇಡಮ್.

"ನಿನ್ನ ಗಂಡ ಏನ ಮಾಡ್ತಾನ?"

ನಾವೆಲ್ಲ ಪೆನ್ನು ಕೆಳಗಿಟ್ಟಿದ್ದೆವು. ಮುಂಬಯಿ, ನೌಕರಿ, ರಜೆ ಇಲ್ಲ ಎಂಬ ಉತ್ತರ ನಮಗೇ ಬಾಯಿಪಾಠ. ಮೇಡಮ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ.

"ಅದಾನ್ರೀ. ಇನ್ನೊಂದ ಲಗ್ನಾ ಮಾಡಿಕೊಂಡಾನ."

"ನಿನ್ನ ಬಿಟ್ಟನೇನು?"

"ಅವರ ಮನ್ಯಾಗ ಓದೂದು ಬ್ಯಾಡ ಅಂದ್ರು. ನಾ ಪರೀಕ್ಷೆ ಬರಿಯಾಕ ತವರಿಗೆ ಬಂದೆ. ತಿರಗಿ ಹೋಗೂದರಾಗ ಅಕಿ ಬಂದಿದ್ಲು."

"ನಿಮ್ಮಪ್ಪ ಏನಂದ?"

"ಹೋಗಿ ಅಲ್ಲೇ ಒಂದ ಮೂಲ್ಯಾಗ ಬಿದ್ದಿರು ಅಂದ. ನಾ ಹೋಗಲಿಲ್ಲ. ಅಲ್ಲಿಂದ ತವರಿಗೂ ಹೋಗಿಲ್ಲ."

ಮುದುಕಿ ಅವರ ಕೊರಳನ್ನು ನೋಡಿದಳು. "ಮತ್ತ ಇದನ್ಯಾಕ ಹಾಕ್ಕೊಂಡಿ?"

"ಇದ ಇದ್ರ ಮನಿ ಬಾಡಿಗಿ ಸಿಗತೈತಿ."

"ಹಂಗಾರ ಇದು ಗಂಡಂದಲ್ಲ. ಮನಿ ಮಾಲಕಂದು."

ಮೇಡಮ್ ನಕ್ಕರು. ಅವರು ಹಾಗೆ ಮನಬಿಚ್ಚಿ ನಕ್ಕದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮುದುಕಿ ನಗಲಿಲ್ಲ. ಅವಳಿಗೆ ಇನ್ನೂ ಕೇಳುವುದಿತ್ತು.

"ನಮ್ಮಾಗಾದ್ರ ನಿನಗ ಉಡಕಿ ಮಾಡಿ ಕೊಡತಿದ್ರು. ನಿಮ್ಮಾಗ ಯಾಕಿಲ್ಲ?"

"ಇಲ್ರೀ. ನಮ್ಮಾಗ ಇಲ್ಲ."

"ಇಲ್ಲ ಅನ್ನೂದು ಗೊತ್ತಾತು. ಯಾಕಿಲ್ಲ?"

ಮೇಡಮ್, "ನಾ ಯಾರ್ನೂ ಕೇಳಿಲ್ಲ," ಎಂದರು. ನಮ್ಮ ಕಡೆ ತಿರುಗಿ, ತರಗತಿಯ ದನಿಯಲ್ಲಿ, "ಪೆನ್ನ ಯಾಕ ಕೆಳಗಿಟ್ರಿ? ಇದನ್ನೂ ಬರ್ಕೊಳ್ರಿ. ಮಂದೀದಷ್ಟ ಬರದ ನಂದ್ ಬಿಟ್ರ ಹ್ಯಾಂಗ?" ಎಂದರು.

ಆ ದಿನದಿಂದ ಬಮ್ಮಿಗಟ್ಟಿಯಲ್ಲಿ ನಮಗೆ ಎಲ್ಲ ಬಾಗಿಲುಗಳೂ ತೆರೆದವು. ಹೆಂಗಸರು ತಾವೇ ಬಂದು ಮೇಡಮ್ಮರನ್ನು ಕೇಳುವರು, ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂದು ತಮ್ಮದನ್ನೂ ಹೇಳುವರು. ಹೇಗೆ ಮಾತಾಡಬೇಕೆಂದು ಪಠ್ಯಕ್ರಮದಲ್ಲಿ ಬರೆದಿರಲಿಲ್ಲ. ಬರೆದವರಿಗೂ ಅದು ಗೊತ್ತಿತ್ತೋ ಇಲ್ಲವೋ.

ಊರಿಗೆ ಬಂದ ಮೇಲೆ ಸುದ್ದಿ ಹಬ್ಬಿತು. ನಮ್ಮಲ್ಲೊಬ್ಬ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದ, ಅಲ್ಲಿಂದ ಅದು ಪೇಟೆಯೆಲ್ಲ ಸುತ್ತಿತು. ಅವನಲ್ಲದಿದ್ದರೆ ಇನ್ನೊಬ್ಬರು ಹೇಳುತ್ತಿದ್ದರು. ಮೇಡಮ್ ಮಾತ್ರ, "ಅಂವಾ ಕೇಳಿದ್ದನ್ನ ಇದ್ದಂಗ ಹೇಳ್ಯಾನ, ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ. ಚೊಲೋ ಬರದಾನ ಅಂತ ತಿಳಕೊಂಡೀನಿ," ಎಂದರು. ಮನೆಯ ಮಾಲೀಕ ಒಳ್ಳೆಯ ಮಾತಿನಲ್ಲೇ, "ನಮ್ಮ ಮನ್ಯಾಗ ಹೆಣ್ಣಮಕ್ಕಳದಾರ್ರೀ ಮೇಡಮ್. ನಾಳೆ ಅವರಿಗೆ ವರಾ ನೋಡಬೇಕು," ಎಂದನಂತೆ. ಪೇಟೆಯಲ್ಲಿ ಬೇರೆ ಮನೆ ಸಿಗಲಿಲ್ಲ.

ನಾನು ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ನಮ್ಮ ಹಿತ್ತಲ ಖೋಲಿ ಖಾಲಿ ಐತೆಲ್ಲ," ಎಂದಳು.

ಅಪ್ಪ ಊಟ ಮಾಡುತ್ತ, "ಊರ ಮಂದಿ ಏನಂದಾರು?" ಎಂದರು.

"ಏನ ಅನ್ನಲಿ ಬಿಡ್ರಿ. ಜ್ವಾಳಾ ಮಾರಾಕ ನಿಮ್ಮ ಅಂಗಡಿಗೇ ಬರ್ತಾರ. ಬ್ಯಾರೆ ಎಲ್ಲಿ ಹೋಗ್ತಾರ?"

ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆ.

ಮನೆ ನೋಡಲು ಬಂದ ದಿನ ಮೇಡಮ್ ಅವ್ವನನ್ನು ನೇರವಾಗಿ ಕೇಳಿದರು. "ಅಕ್ಕಾರ, ಈ ತಾಳಿ ಹಾಕ್ಕೊಂಡ ಬರ್ಲೋ, ಬಿಟ್ಟ ಬರ್ಲೋ? ಇದು ನಿಮ್ಮ ಮನಿ."

ಅವ್ವ ಬೆರಗಾಗಿ ಅವರನ್ನೇ ನೋಡಿದಳು. ಇಂಥದನ್ನು ಯಾರಾದರೂ ಕೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ನಿಮಗ ಹ್ಯಾಂಗ ಬೇಕೋ ಹಂಗ ಬರ್ರಿ. ನಮ್ಮ ಮನ್ಯಾಗ ಅದಕ್ಕ ಬಾಡಿಗಿ ಇಲ್ಲ," ಎಂದಳು. ಮೇಡಮ್ ಬಿಟ್ಟು ಬಂದರು. ವಿಭೂತಿ, ಕುಂಕುಮ ಎರಡೂ ಹಾಗೇ ಇದ್ದವು.

ಹೀಗೆ ನನ್ನ ಗುರು ನಮ್ಮ ಹಿತ್ತಲಿನವರಾದರು. ಬೆಳಗಿನ ಗಾಡಿಗೆ ನಾವಿಬ್ಬರೂ ಜೊತೆಗೆ ಹೋಗುತ್ತಿದ್ದೆವು. ಹೆಂಗಸರ ಡಬ್ಬಿಯಲ್ಲಿ ಅವರು ಸುಮ್ಮನೆ ಕೂತಿರುತ್ತಿರಲಿಲ್ಲ. ಮೊಸರು ಮಾರಲು ಹೊರಟವಳು, ಮಗಳ ಬಾಣಂತನಕ್ಕೆ ಹೊರಟವಳು, ಎಲ್ಲರನ್ನೂ ಮಾತಾಡಿಸುವರು. ಮೊದಲು ತಮ್ಮದೊಂದು ಹೇಳಿ, ಆಮೇಲೆ ಕೇಳುವರು. ಅಡುಗೆ ಮಾತ್ರ ಅವರಿಗೆ ಬರುತ್ತಿರಲಿಲ್ಲ. ಅವ್ವ ಕಲಿಸಹೋಗಿ ಕೈಬಿಟ್ಟಳು.

ಆದರೆ ಮುದುಕಿಯ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಒಂದು ಭಾನುವಾರ, "ನವಲಗುಂದದ ಕಡೆ ಹೋಗಿ ಬರ್ತೀನಿ," ಎಂದು ಹೊರಟರು. ಎಷ್ಟೋ ವರ್ಷದ ಮೇಲೆ ತವರಿಗೆ ಹೊರಟಿದ್ದರು. ಅವ್ವ ಬುತ್ತಿ ಕಟ್ಟಿಕೊಟ್ಟಳು. ಮಗಳನ್ನು ಕಳಿಸುವವಳಂತೆ ಉಡಿ ತುಂಬಲು ಹೋದವಳು, ತುಂಬಬಹುದೋ ಬಾರದೋ ತಿಳಿಯದೆ ನಿಂತಳು. ಮೇಡಮ್ ತಾವೇ ಸೆರಗು ಒಡ್ಡಿದರು.

ಮರುದಿನ ಸಂಜೆ ಬಂದರು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮಿಬ್ಬರ ನಡುವೆ ಕೂತು, ತಾವೂ ಸುಲಿಯತೊಡಗಿದರು.

"ಅಪ್ಪ ಮಾತಾಡಲಿಲ್ಲ. ಒಳಗ ಎದ್ದು ಹೋದ. ನಮ್ಮ ಸೋದರತ್ತಿ ಅದಾಳ, ಭಾಳ ವಯಸ್ಸಾಗೇತಿ. ಅಕಿ ಬಾಜೂಕ ಕುಂತು ಕೇಳಿದೆ. ನಮ್ಮಾಗ ಉಡಕಿ ಯಾಕಿಲ್ಲ ಅತ್ತಿ, ಅಂತ."

"ಏನಂದ್ರು?" ಎಂದಳು ಅವ್ವ.

"ಯಾರಂದ್ರು ಇಲ್ಲಂತ? ಅಂದ್ಲು. ಇತ್ತಂತ. ಅಕಿ ಅಜ್ಜಿ, ಅಂದ್ರ ನಮ್ಮಜ್ಜನ ಅವ್ವ, ನಮ್ಮ ಮನೀಗೆ ಉಡಕಿ ಆಗಿ ಬಂದಾಕಿ. ಆಮ್ಯಾಲೆ ಹೊಲಾ ಬೆಳೀತು, ವಾಡೇದ ಹಂಗ ಮನಿ ಕಟ್ಟಿದ್ರು, ದೊಡ್ಡ ದೊಡ್ಡ ಮನಿತನದಿಂದ ಹೆಣ್ಣ ತಂದ್ರು. ಅವರಾಗ ಉಡಕಿ ಇರಲಿಲ್ಲ. ನಾವೂ ಬಿಟ್ವಿ. ಬಿಟ್ಟದ್ದಷ್ಟ ಅಲ್ಲ, ಇರಲೇ ಇಲ್ಲ ಅಂತ ಹೇಳಾಕ ಹತ್ತಿದ್ವಿ."

ಅವ್ವ ಸುಲಿಯುವುದು ಬಿಟ್ಟು ಅವರ ಕಡೆ ತಿರುಗಿದಳು.

"ಹಂಗಂದ್ರ," ಎಂದರು ಮೇಡಮ್, ಈ ಸಲ ತಮಗೇ, "ಆ ಉಡಕಿ ಆಗದಿದ್ರ ನಮ್ಮಜ್ಜ ಇಲ್ಲ, ನಮ್ಮಪ್ಪ ಇಲ್ಲ, ನಾ ಇಲ್ಲ. ಹೊಂಟ ನಿಂತಾಗ ಇದನ್ನ ಅಪ್ಪನ ಖೋಲಿ ಬಾಗಲದಾಗ ನಿಂತು ಹೇಳಿದೆ. ಅಂವಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. 'ಗೊತ್ತೈತಿ' ಅಂದ. ಅಷ್ಟ."

ಗೊತ್ತಿದ್ದೂ ಮಗಳಿಗೆ ಮೂಲೆಯಲ್ಲಿ ಬಿದ್ದಿರು ಎಂದಿದ್ದನೆಂಬುದು ನನಗೆ ಸಿಟ್ಟು ತರಿಸಿತು. ಮೇಡಮ್ಮರಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಗೊತ್ತಿರುವುದನ್ನು ಒಂದು ಇಡೀ ಮನೆತನ ಹೇಗೆ ಮರೆಯುತ್ತದೆ, ಯಾರು ಮೊದಲು ಸುಮ್ಮನಾಗುತ್ತಾರೆ, ಎಂದು ರಾತ್ರಿ ಊಟದ ತನಕ ಮಾತಾಡಿದರು.

ಮರುವಾರದಿಂದ ಅವರ ಪಾಠ ಬೇರೆಯಾಯಿತು. ಪರ ಊರಿಗೆ ಹೋಗುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಒಂದು 'ಯಾಕ' ಕೇಳಿ ಬರಬೇಕು. ನಾನು ಅಪ್ಪನನ್ನು ವ್ಯಾಪಾರದ ಬಗ್ಗೆ ಕೇಳಿ ಬರೆದೆ, ಒಳ್ಳೆಯ ಮಾರ್ಕ್ಸು ಬಂದವು. ಬೇರೆಯವರ ಪ್ರಶ್ನೆಗಳು ಅಷ್ಟು ಸಲೀಸಿನವಲ್ಲ. ನಮ್ಮ ಹೊಲದಾಗ ದುಡಿಯೋರು ನಮ್ಮ ಬಾವಿ ನೀರು ಯಾಕ ಸೇದಬಾರದು ಎಂದು ಕೇಳಿದವನ ತಂದೆ ಪ್ರಿನ್ಸಿಪಾಲರ ಬಳಿಗೇ ಬಂದ. "ಇದು ಕಾಲೇಜೋ, ಪಂಚಾಯ್ತಿ ಕಟ್ಟಿಯೋ?" ಎಂದನಂತೆ. ಪ್ರಿನ್ಸಿಪಾಲರು ಹೊಸ ಪಠ್ಯಕ್ರಮ ತೆಗೆದು ತೋರಿಸಿ ಪಾರಾದರು. ಮೇಡಮ್ಮರಿಗೆ ಮೊದಲು ಹೆದರಿಕೆ ಹುಟ್ಟಿಸಿದ್ದೇ ಈಗ ಕಾವಲಿಗೆ ನಿಂತಿತ್ತು.

ಆ ಕಾವಲೂ ಬಹಳ ಕಾಲ ಉಳಿಯಲಿಲ್ಲ. ದಶಕ ಮುಗಿಯುತ್ತ ಬಂದಂತೆ ಇನ್ನೊಂದು ಸುಧಾರಣೆ ಬಂತು. ಈಗಿನ ಮಾತು ಉದ್ಯೋಗಕ್ಕೆ ಬರುವ ವಿದ್ಯೆ. ಅಲ್ಲದೆ ಎಷ್ಟೋ ಕಡೆ ಹುಡುಗರು ಊರಿಗೆ ಹೋಗದೆ, ಕೋಣೆಯಲ್ಲಿ ಕೂತು ಹಿಂದಿನ ವರ್ಷದವರದ್ದನ್ನು ನಕಲು ಮಾಡಿ ಕೊಡುತ್ತಿದ್ದರು. ಅದಕ್ಕೆ ಆ ಪತ್ರಿಕೆಯನ್ನೇ ತೆಗೆದರು. ಹುಡುಗರು ಕಡಿಮೆಯಿರುವ ವಿಷಯಗಳನ್ನು ಮುಚ್ಚಬೇಕೆಂದೂ ಆಯಿತು. ಮನೆಯಲ್ಲಿ ಪ್ರಶ್ನೆ ಕೇಳಿಸುವ ವಿಷಯಕ್ಕೆ ಮಕ್ಕಳನ್ನು ಕಳಿಸಲು ತಂದೆಯರು ಆಗಲೇ ಹಿಂದೆ ಸರಿದಿದ್ದರು. ಮಾನವಶಾಸ್ತ್ರ ಮುಚ್ಚಿತು, ಆ ಕೋಣೆಗೆ ಟೈಪ್‌ರೈಟರುಗಳು ಬಂದವು. ಮೇಡಮ್ಮರಿಗೆ ದಾವಣಗೆರೆಯ ಕಡೆ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಪುಸ್ತಕದಲ್ಲಿದ್ದದ್ದನ್ನು ಹೇಳಿ ಬರೆಸುವ ಕೆಲಸ. "ಹ್ಯಾಂಗಾಗತೈತೋ ನೋಡೂಣು. ಅಲ್ಲಿ ಮಂದಿ ಮಾತ ಬ್ಯಾರೆ," ಎಂದರು. ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಸಾಮಾನು ಕಟ್ಟುವಾಗ ಮಾತ್ರ ಅವ್ವನ ಜೊತೆ ಬಹಳ ಹೊತ್ತು ಅಡುಗೆಮನೆಯಲ್ಲಿದ್ದರು.

ಆಗ ನನಗೆ ಅಣ್ಣಿಗೇರಿಯಲ್ಲಿ ಶಾಲೆಯ ನೌಕರಿ ಸಿಕ್ಕಿತ್ತು. ರಜೆ ಹಾಕಿ ಬಂದು, ಗುಡಗೇರಿ ಸ್ಟೇಷನ್ನಿನಲ್ಲಿ ಅವರನ್ನು ಕಳಿಸಲು ನಿಂತಿದ್ದೆ. ಗಾಡಿ ತಡವಾಗಿತ್ತು. ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದರು. ಇಷ್ಟು ವರ್ಷ ಒಂದೇ ಅಂಗಳದಲ್ಲಿದ್ದೂ ಕೇಳಿರದಿದ್ದನ್ನು ಅಂದು ಕೇಳಿದೆ.

"ಮೇಡಮ್, ಬಮ್ಮಿಗಟ್ಟ್ಯಾಗ ಆ ಮುದುಕಿಗೆ ಮುಂಬೈದಾಗ ಅದಾರ ಅಂದಬಿಡಬಹುದಿತ್ತಲ್ರಿ. ಯಾಕ ಖರೇ ಹೇಳಿದ್ರಿ?"

ಅವರು ಹಳಿಯ ಕಡೆ ನೋಡಿದರು.

"ಖರೇ ಹೇಳಬೇಕಂತ ಹೇಳಲಿಲ್ಲವ್ವಾ. ಮುಂಬಯಿ ಸುದ್ದಿ ನಾ ಯಾರಿಗೂ ಹೇಳಿದ್ದಲ್ಲ. ಮಂದೀನ ಹೇಳಿಕೊಂಡಿದ್ರು, ನಾ ಇಲ್ಲ ಅನ್ನಲಿಲ್ಲ. ಅಷ್ಟ ವರ್ಷದಾಗ ಯಾರೂ ನನ್ನ ಕೇಳಿರಲಿಲ್ಲ. ಅಕಿ ಕೇಳಿದ್ಲು. ಕೇಳಿ, ನಾ ಹೇಳೂತನಕಾ ಸುಮ್ಮನ ಕುಂತ್ಲು."

ಗಾಡಿ ಬಂತು. ಟ್ರಂಕು ಹತ್ತಿಸಿದೆ. ಅವರು ಕಿಟಕಿಯಿಂದ ಕೈ ಬೀಸಲಿಲ್ಲ, ಅದು ಅವರ ರೂಢಿಯಲ್ಲ. ಆಮೇಲೆ ನಾವು ಭೇಟಿಯಾಗಲಿಲ್ಲ.

ನಾನು ಮನೆಗೆ ಬಂದಾಗ ಹಿತ್ತಲ ಖೋಲಿಯ ಬಾಗಿಲು ತೆರೆದಿತ್ತು. ಅವ್ವ ನೆಲಕ್ಕೆ ಸಗಣಿ ಸಾರಿಸುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಅವಳ ಬಗ್ಗಿದ ಬೆನ್ನು ನೋಡಿದೆ. ಈ ಹೆಂಗಸು ಎಷ್ಟು ವಯಸ್ಸಿಗೆ ಈ ಮನೆಗೆ ಬಂದಳೆಂಬುದು ಕೂಡ ನನಗೆ ಗೊತ್ತಿರಲಿಲ್ಲ.

"ಅವ್ವಾ," ಎಂದೆ, "ನಿನಗ ಲಗ್ನಾ ಮಾಡುವಾಗ, ಅಪ್ಪ ನಿನ್ನ ಮನಸಿಗೆ ಬಂದಾನೋ ಇಲ್ಲೋ ಅಂತ ಯಾರರ ನಿನ್ನ ಕೇಳಿದ್ರೇನು?"

ಅವ್ವ ತಿರುಗಿ ನನ್ನನ್ನು ನೋಡಿದಳು, ಹೊರಗೆ ಅಂಗಳದಲ್ಲಿ ಅಪ್ಪ ಇಲ್ಲವೆಂದು ನೋಡಿದಳು. ಬಕೆಟ್ಟಿನ ನೀರಲ್ಲಿ ಕೈ ತೊಳೆದು, ಇನ್ನೂ ಒದ್ದೆಯಾಗದ ಮೂಲೆಯಲ್ಲಿ ಕೂತು, ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು.

"ಇಲ್ಲೆ ಬಾ, ಕುಂದ್ರು," ಎಂದಳು.